ಲಿಂಬೆ ಒಣಗುವುದರೊಳಗೆ

ಗುಂಡ್ಯಾ, ಚಿಮಣಿ,

ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆದಿದ್ದೇನೆ. ಸಾಲೆಯ ಹಾಜರಿಯಲ್ಲಿರುವ ನಿಮ್ಮ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬೇರೆ ಯಾರ ಹೆಸರನ್ನೂ ಬರೆಯುವುದಿಲ್ಲ. ನಿಮ್ಮ ಮುತ್ಯಾನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ, ಗಂಡನ ಹೆಸರು ಹೇಳುವ ಒಡಪಿನ ಪದ್ಯದಲ್ಲಿ ಮಾತ್ರ. ಅವರು ಹೋದ ಮೇಲೆ ಬರೆಯಲು ಕೈ ಬರುವುದಿಲ್ಲ. ಇನ್ನೊಬ್ಬನ ಹೆಸರನ್ನು ಇಂಡಿ ಊರಿನ ಬಸ್‌ಸ್ಟ್ಯಾಂಡಿನ ಗೋಡೆಯಿಂದ ಹಿಡಿದು ಸಿಂದಗಿಯ ಟಾಕೀಜಿನ ತನಕ ಆಳೆತ್ತರದ ಅಕ್ಷರದಲ್ಲಿ ಅಂಟಿಸಿದ್ದಾರೆ. ಅದಕ್ಕೆ ನನ್ನ ಮಸಿಯೂ ಯಾಕೆ ಹಾಳಾಗಬೇಕು? ಅವನನ್ನು "ಆ ಮನುಷ್ಯ" ಎಂದು ಬರೆಯುತ್ತೇನೆ. ಅಷ್ಟೂ ಅವನಿಗೆ ಹೆಚ್ಚೇ.

ನಾನು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯ ಸಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವಳು. ನಾಲ್ಕು ಜನ ಕೂತಲ್ಲಿ ನನಗೆ ಮಾತು ಬರುವುದಿಲ್ಲ. ಹೊರಗಿನ ಗಂಡಸರು ಬಂದರೆ ಇಂದಿಗೂ ಬಾಗಿಲ ಹಿಂದೆಯೇ ನಿಲ್ಲುತ್ತೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ಈ ಬೇಸಿಗೆಯ ರಜೆಗೆ ನೀವು ಬಾಗೇವಾಡಿಯಿಂದ ಬಂದ ಮರುದಿನದ ಮಾತು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನೀವಿಬ್ಬರೂ ಹಿತ್ತಲಲ್ಲಿ ಲಿಂಬೆ ಗಿಡದ ಕೆಳಗೆ ಆಡುತ್ತಿದ್ದಿರಿ. ಆಗ ನನಗೆ ನಿಮ್ಮ ಮುತ್ಯಾನ ಮಾತು ಕೇಳಿಸಿತು. ಧ್ವನಿ ಅವರದಲ್ಲ, ಮಾತು ಅವರದು.

"ಹಿಡಿ," ಎಂದ ಗುಂಡ್ಯಾ. ಸ್ವಲ್ಪ ಹೊತ್ತು ಬಿಟ್ಟು, ಗಂಟಲು ದಪ್ಪ ಮಾಡಿಕೊಂಡು ಹೇಳಿದ: "ಇದು... ಒಣಗೂದರೊಳಗ... ಬರ್ತೇನಿ."

ಚಿಮಣಿ ಚೀರಿದಳು. "ಆಯೀ! ನೋಡ ಇಲ್ಲಿ, ಇಂವಾ ನನ್ನ ಕೊಲ್ಲಾಕ ಬರ್ತಾನಂತ!"

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಚಿಮಣಿಯ ಅಂಗೈಯಲ್ಲಿ ಹಸಿರು ಲಿಂಬೆ ಇತ್ತು. ಗುಂಡ್ಯಾ, ನೀನು ಅಂಗಿಯ ಕಾಲರ್ ಎತ್ತಿಕೊಂಡು, ಒಂದು ಕಣ್ಣು ಸಣ್ಣ ಮಾಡಿಕೊಂಡು ನಿಂತಿದ್ದೆ.

"ಯಾರು ಹೇಳಿಕೊಟ್ರೋ ಈ ಮಾತ ನಿನಗ?"

"ಹೇಳಿಕೊಡೂದೇನ್ ಆಯಿ, ಡೈಲಾಗ್ ಅದು. ಪಿಚ್ಚರ್‌ದಾಗಿಂದು. ಇಡೀ ಬಾಗೇವಾಡಿಗೆ ಗೊತ್ತೈತಿ. ನಿನಗ ಒಬ್ಬಾಕಿಗೇ ಗೊತ್ತಿಲ್ಲ."

ನೀನು ಮೊಬೈಲ್ ತಂದು ತೋರಿಸಿದೆ. ಕರಿ ಕನ್ನಡಕದವನೊಬ್ಬ ಮಂಡಿಯೂರಿ ಕೂತ ಮುದುಕ ವ್ಯಾಪಾರಿಯ ಕೈಯಲ್ಲಿ ಲಿಂಬೆ ಇಟ್ಟು ಅದೇ ಮಾತು ಹೇಳುತ್ತಾನೆ. ಹಿಂದೆ ಡೊಳ್ಳು ಬಡಿಯುತ್ತದೆ. ಆಮೇಲೆ ಆ ಮುದುಕನ ಮನೆ ಹೊತ್ತಿ ಉರಿಯುತ್ತದೆ, ಹೊಸ್ತಿಲ ಮೇಲೆ ಒಣಗಿದ ಲಿಂಬೆ ಉರುಳುತ್ತದೆ. ಆ ಮನುಷ್ಯನ ಜೀವನಚರಿತ್ರೆಯಂತೆ ಅದು. ಊರೂರಿಗೆ ಅಮಲಿನ ಪುಡಿ ಸಾಗಿಸಿದವನಿಗೂ ಚರಿತ್ರೆ!

ನಾನು ಏನೂ ಅನ್ನುವ ಮೊದಲೇ ನೀನು ಕೇಳಿದೆ: "ಆಯಿ, ನಮ್ಮ ಮುತ್ಯಾ ಅಂವನ ಬಲಗೈ ಇದ್ನಂತಲ್ಲ, ಖರೇನ? ಪಿಚ್ಚರ್‌ದಾಗಿನ ಲಾರಿ ಡ್ರೈವರ್ ನಮ್ಮ ಮುತ್ಯಾನ ಅಂತ. ಸಾಲ್ಯಾಗ ಈಗ ಎಲ್ಲಾರೂ ನನಗ ಮುಂದಿನ ಬೆಂಚ್ ಬಿಟ್ಟ ಕೊಡ್ತಾರ."

ನಿನ್ನ ಮುಖ ಹೊಳೆಯುತ್ತಿತ್ತು. ನಿಮ್ಮ ಮುತ್ಯಾನನ್ನು ಕಳ್ಳ ಅಂದವರ ಮುಂದೆ ನಾನು ವರ್ಷಗಟ್ಟಲೆ ತಲೆ ಬಗ್ಗಿಸಿ ನೀರು ತಂದಿದ್ದೇನೆ, ಅದನ್ನು ತಡೆದುಕೊಂಡೆ. ಕಳ್ಳನೆಂದೇ ಅವರನ್ನು ಮೆಚ್ಚುವ ಮೊಮ್ಮಗನನ್ನು ತಡೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಒಳಗೆ ರೊಟ್ಟಿ ಸೀದು ಹೋಗಿತ್ತು.

ಆ ಮಾತು ಯಾರದು, ಆಡಿದವರು ಎಂಥವರು ಎಂಬುದು ನಿಮಗೆ ಗೊತ್ತಿರಬೇಕು. ನನಗೆ ಬೇಕಾದದ್ದು ಅಷ್ಟೇ. ಊರಿನವರು ಏನಾದರೂ ಅಂದುಕೊಳ್ಳಲಿ.

ನಿಮ್ಮ ಮುತ್ಯಾ ಲಾರಿ ಡ್ರೈವರ್. ಲಾರಿ ಅವರದಲ್ಲ, ಸಾವುಕಾರರದು. ಇಂಡಿಯ ಲಿಂಬೆಯನ್ನು ಚೀಲದಲ್ಲಿ ತುಂಬಿಸಿಕೊಂಡು ಉತ್ತರದ ದೊಡ್ಡ ದೊಡ್ಡ ಪೇಟೆಗಳಿಗೆ ಒಯ್ಯುತ್ತಿದ್ದರು. ಹಣ್ಣು ಬೆವರುತ್ತದೆ ಎಂದು ದಾರಿಯಲ್ಲಿ ನಿಲ್ಲಿಸಿ ತಾಡಪತ್ರಿ ಸರಿಸಿ ಗಾಳಿ ಕೊಡುತ್ತಿದ್ದರಂತೆ. ಕುಡಿಯುತ್ತಿರಲಿಲ್ಲ. ಎಲೆ ಅಡಿಕೆ ಹಾಕುತ್ತಿದ್ದರು. ಸಿಟ್ಟು ಬಂದರೆ ಮಾತು ಬಿಡುತ್ತಿದ್ದರು, ಕೈ ಎತ್ತುತ್ತಿರಲಿಲ್ಲ.

ಲಾರಿ ಹೊರಡುವಾಗ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟು ಹಾಯಿಸಿಕೊಂಡು ಹೋಗುವುದು ಎಲ್ಲ ಡ್ರೈವರರ ಪದ್ಧತಿ. ನೀವೂ ನೋಡಿದ್ದೀರಿ. ನಿಮ್ಮ ಮುತ್ಯಾ ಅದನ್ನು ಮಾಡುತ್ತಿರಲಿಲ್ಲ. "ಹೊಟ್ಟಿಗಿ ಹಾಕೂ ಹಣ್ಣು. ಅದನ್ನ ಗಾಲಿ ಬುಡಕ ತುಳಸ್ತಾರೇನು?" ಅನ್ನುತ್ತಿದ್ದರು. ಆ ಲಿಂಬೆಯನ್ನು ತಂದು ನನ್ನ ಕೈಯಲ್ಲಿ ಇಡುತ್ತಿದ್ದರು. ಲಾರಿ ಮನೆಯ ಮುಂದೆ ಗುರುಗುಟ್ಟುತ್ತಾ ನಿಂತಿರುತ್ತಿತ್ತು. ಅವರು ಹೊಸ್ತಿಲ ಆಚೆ, ನಾನು ಈಚೆ.

"ಹಿಡಿ. ಇದು ಒಣಗೂದರೊಳಗ ಬರ್ತೇನಿ."

ಯಾವಾಗಲೂ ಅಷ್ಟೇ ಮಾತು. ಗುಂಡ್ಯಾ, ನೀನು ಹೇಳಿದ ಹಾಗೆ ತುಂಡು ತುಂಡು ಮಾಡಿ ಹೇಳುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ, ಯಾರಾದರೂ ಕೇಳಿಯಾರೆಂದು ಸಣ್ಣ ದನಿಯಲ್ಲಿ ಹೇಳಿ ಓಡುತ್ತಿದ್ದರು. ಗೆಳೆಯರು ಲಾರಿಯಿಂದಲೇ ಕೂಗುತ್ತಿದ್ದರು: "ಏ, ಹೇಂತಿ ಕೈಯಾಗ ಲಿಂಬಿ ಇಟ್ಟು ಬರ್ತಾನ್ಲೇ ಇಂವಾ! ಮಾಟ ಮಾಡಿಸಿಕೊಂಡಾನ!"

ಲಿಂಬೆಯನ್ನು ಗೋಡೆಯ ಗೂಡಿನಲ್ಲಿ, ದೇವರ ಮಾಡದಲ್ಲಿ ಇಡುತ್ತಿದ್ದೆ. ಅದು ಹಳದಿಯಾಗುತ್ತಿತ್ತು, ಸಿಪ್ಪೆ ಸ್ವಲ್ಪ ಬಿಗಿಯುತ್ತಿತ್ತು, ಅಷ್ಟರಲ್ಲಿ ಅವರು ಬರುತ್ತಿದ್ದರು. ಬಂದ ದಿನ ಅದೇ ಹಣ್ಣನ್ನು ಹಿಂಡಿ ಪಾನಕ ಮಾಡಿಕೊಡುತ್ತಿದ್ದೆ. ನಿಮ್ಮ ಅವ್ವ ಹುಟ್ಟಿದ ಮೇಲೆ ಆಕೆಯ ಬಾಯಿಗೂ ಒಂದು ಹನಿ ಬಿಡುತ್ತಿದ್ದರು. ಆಕೆ ಮುಖ ಹಿಂಡಿದರೆ ಅವರು ನಗುತ್ತಿದ್ದರು.

ಒಂದು ವರ್ಷ ಎಳ್ಳಮಾವಾಸ್ಯೆಯ ದಿನ ಲೋಡು ಬಿತ್ತು. ಆ ದಿನ ನಮ್ಮ ಕಡೆ ಯಾರೂ ದುಡಿಯುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬುತ್ತಿಯ ಒಂದು ಪಾಲನ್ನು ಬೆಳೆಗೆ ಚರಗವೆಂದು ಚೆಲ್ಲಿ, ಅಲ್ಲೇ ಉಣ್ಣುತ್ತಾರೆ. ನಿಮ್ಮ ಅವ್ವ ಆಗ ಅಂಬೆಗಾಲಿಡುತ್ತಿದ್ದಳು. ಮಗಳ ಕೈಯಿಂದ ಮೊದಲ ಸಲ ಚರಗ ಚೆಲ್ಲಿಸಬೇಕೆಂದು ಅವರು ಅರ್ಧ ತುಂಬಿದ ಲಾರಿಯನ್ನು ಅಲ್ಲಿಯೇ ಬಿಟ್ಟು ಹೊಲಕ್ಕೆ ಬಂದರು. ಹಮಾಲರೂ ಹೊಲಗಳಿಗೆ ಹೋಗಿದ್ದರು. ಯಾರೋ ಹೊರಗಿನ ಹುಡುಗರು, "ನೀವ್ ಹೋಗಿ ಬರ್ರಿ ಮಾಮಾ, ನಮಗೇನು ಹೊಲಾ ಐತೇನು ಮನಿ ಐತೇನು, ನಾವ ತುಂಬ್ತೇವಿ," ಎಂದಿದ್ದರಂತೆ. ಒಳ್ಳೆಯ ಹುಡುಗರು ಎಂದು ಅವರಿಗೂ ಕಡಬು ಕಟ್ಟಿಸಿಕೊಂಡು ಹೋದರು ನಿಮ್ಮ ಮುತ್ಯಾ. ಅವರೆಲ್ಲ ಆ ಮನುಷ್ಯನ ಆಳುಗಳು. ನಾನು ಕಟ್ಟಿಕೊಟ್ಟ ಸಜ್ಜೆಯ ಕಡಬನ್ನು ಅವರೂ ತಿಂದಿದ್ದಾರೆ.

ಆ ಸಂಜೆಯೂ ಲಿಂಬೆ ಕೊಟ್ಟರು, ಮಾತು ಹೇಳಿದರು, ಹೋದರು. ಎಲ್ಲೋ ದೂರದ ನಾಕೆಯಲ್ಲಿ ಪೊಲೀಸರು ಲಾರಿ ತಡೆದು ಚೀಲ ಇಳಿಸಿದಾಗ ತಳದಲ್ಲಿ ಪುಡಿಯ ಪೊಟ್ಟಣಗಳು ಸಿಕ್ಕವು. ಆ ಊರಿನ ಭಾಷೆ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಹಿಡಿದು ಒಳಗೆ ಹಾಕಿದರು.

ಊರು ಏನಂದಿತು ಗೊತ್ತೇ? ಪೊಟ್ಟಣ ಇಟ್ಟವನನ್ನು ಬೈಯಲಿಲ್ಲ. "ಗಾಲಿಗಿ ಲಿಂಬಿ ಇಡಬೇಕಾಗಿತ್ತು. ಗಾಡಿ ಪಾಲಿಂದು ಈಕಿ ಕೈಯಾಗ ಇಸಗೊಂಡ್ಳು. ಅದಕ್ಕ ಹಿಂಗಾತು," ಅಂದಿತು. ನಲ್ಲಿಯ ಹತ್ತಿರ ನನ್ನ ಕೊಡ ಕಂಡರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ನಮ್ಮ ಅತ್ತೆ ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ. ಆದರೆ ಮಾಡದಲ್ಲಿದ್ದ ಲಿಂಬೆ ಒಣಗತೊಡಗಿದಾಗ, "ಅದನ್ನ ಮೂರು ಹಾದಿ ಕೂಡೂಕಡೆ ಒಗದು ಬಾರವಾ, ಮನ್ಯಾಗ ಇಟಗೋಬ್ಯಾಡ," ಅಂದರು. ನಾನು ಒಗೆಯಲಿಲ್ಲ. ಅದನ್ನು ಏನು ಮಾಡಿದೆನೆಂದು ಆಮೇಲೆ ಹೇಳುತ್ತೇನೆ.

ಆ ಮನುಷ್ಯ ಸಿಂದಗಿ ಕಡೆಯವನು. ಅವನು ನಮ್ಮ ಮನೆಗೆ ಎಂದೂ ಬರಲಿಲ್ಲ. ಒಮ್ಮೆ ಒಬ್ಬನ ಕೈಯಲ್ಲಿ ಒಂದು ಬುಟ್ಟಿ ಸೇಬು ಕಳಿಸಿದ್ದ. ಅತ್ತೆ ಅದನ್ನು ಒಯ್ದು ಎಮ್ಮೆಯ ಮುಂದೆ ಸುರಿದರು. ಎಮ್ಮೆ ತಿಂದಿತು. ಅದಕ್ಕೇನು ಗೊತ್ತು.

ವರ್ಷಗಳಾದ ಮೇಲೆ ಕೋರ್ಟಿನಲ್ಲಿ ಇವರಿಗೆ ಗೊತ್ತಿರಲಿಲ್ಲ ಎಂದು ತೀರ್ಪಾಗಿ ಬಿಟ್ಟರು. ಒಂದು ಮಧ್ಯಾಹ್ನ ಟೆಂಪೋದಿಂದ ಇಳಿದು ನಡೆದು ಬಂದರು. ಬಗಲಲ್ಲಿ ಒಂದು ಬಟ್ಟೆಯ ಚೀಲ. ಪಾಟಿ ಹಿಡಿದು ಸಾಲೆಯಿಂದ ಬಂದ ನಿಮ್ಮ ಅವ್ವ, "ಅವ್ವಾ, ಯಾರೋ ಬಂದಾರ ನೋಡ," ಎಂದು ನನ್ನ ಬೆನ್ನ ಹಿಂದೆ ಅಡಗಿದಳು.

ಆಮೇಲೆ ಅವರು ಲಾರಿ ಹತ್ತಲಿಲ್ಲ. ಮಾರ್ಕೆಟ್ಟಿನಲ್ಲಿ ಕೂತು ಲಿಂಬೆ ಆರಿಸುವ ಕೆಲಸ ಮಾಡಿದರು. ಆ ಮಾತನ್ನೂ ಮತ್ತೆ ಆಡಲಿಲ್ಲ. ಹೊಲಕ್ಕೆ ಹೋಗುವಾಗಲೂ "ಬರ್ತೇನಿ" ಅನ್ನುತ್ತಿರಲಿಲ್ಲ, ಸುಮ್ಮನೆ ಎದ್ದು ಹೋಗುತ್ತಿದ್ದರು. ನಾನು ಚಪ್ಪಲಿಯ ಸಪ್ಪಳದಿಂದ ಹೋದದ್ದನ್ನೂ ಬಂದದ್ದನ್ನೂ ತಿಳಿದುಕೊಳ್ಳುತ್ತಿದ್ದೆ. ನೀವು ಹುಟ್ಟುವ ಮೊದಲೇ ಇದೇ ಪಡಸಾಲೆಯಲ್ಲಿ ಜ್ವರದಿಂದ ತೀರಿಕೊಂಡರು. ಆ ಮನುಷ್ಯ ಅದಕ್ಕೂ ಮುಂಚೆ ಯಾವುದೋ ಶಹರದಲ್ಲಿ ತನ್ನವರ ಕೈಯಿಂದಲೇ ಸತ್ತಿದ್ದ. ಅವನು ಸತ್ತ ಸುದ್ದಿ ಕೇಳಿದ ದಿನ ನಾನು ಎರಡು ರೊಟ್ಟಿ ಹೆಚ್ಚು ಉಂಡೆ. ಇದನ್ನು ಬರೆಯಬಾರದೇನೋ, ಆದರೆ ಉಂಡದ್ದು ನಿಜ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಸಿನಿಮಾದವರು ಬಂದರು. ಅವರನ್ನು ಕರೆತಂದವನು ನಿಮ್ಮ ಸಣ್ಣ ಮುತ್ಯಾ, ನನ್ನ ಮೈದುನ. ಅವನಿಗೆ ಕೇಳುವವರೊಬ್ಬರು ಸಿಕ್ಕರೆ ಊಟವೂ ಬೇಡ. ಜಗಲಿಯ ಮೇಲೆ ಕೂತು ಮಾತಾಡಿದ, ಒಬ್ಬ ಹುಡುಗ ಕಡ್ಡಿಯ ಮೇಲೆ ಮೊಬೈಲ್ ನಿಲ್ಲಿಸಿ ಹಿಡಿದುಕೊಂಡ. ನಾನು ಒಳಗಿಂದ ಚುರುಮುರಿಯ ಸೂಸಲ ಕಳಿಸಿದೆ, ಚಹಾ ಕಳಿಸಿದೆ. ಮಾತು ಮುಗಿಯುವ ಹೊತ್ತಿಗೆ ಬಾಗಿಲ ಹಿಂದಿನಿಂದಲೇ ಒಂದು ಮಾತು ಹೇಳಿದೆ: "ಅವರು ತಪ್ಪು ಮಾಡಿದವರಲ್ಲ. ಅದನ್ನಷ್ಟು ಬರಕೊಳ್ರಿ."

"ಖಂಡಿತಾ ಅಮ್ಮಾ. ನಾವು ಸತ್ಯಾನೇ ತೋರಿಸೋದು," ಎಂದ ಆ ಹುಡುಗ. ಬೆಂಗಳೂರ ಕಡೆಯ ಮಾತು, ಬೆಣ್ಣೆ ಹಚ್ಚಿದ ಹಾಗೆ.

ಗುಂಡ್ಯಾನ ಮೊಬೈಲಿನಲ್ಲಿ ಆ ತುಣುಕು ನೋಡಿದ ದಿನವೇ ಸಂಜೆ ಮೈದುನನನ್ನು ಕರೆಸಿದೆ. ಬಂದವನೇ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.

"ಲಿಂಬಿ ಮಾತ ಅವರಿಗೆ ಯಾರು ಹೇಳಿದ್ರು?" ಎಂದೆ.

"ನಾನ ಹೇಳೇನಿ ವೈನಿ. ಅಣ್ಣ ಹೊಂಡೂಮುಂದ ನಾ ಲಾರಿ ಬಾಜೂಕ ನಿಂತಿರ್ತಿದ್ನಲ್ಲ, ಕೇಳಸ್ತಿತ್ತು. ಅದನ್ನ ಕೇಳಿ ಆ ಹುಡುಗ ಎದ್ದು ನಿಂತಬಿಟ್ಟ ನೋಡ! 'ಸರ್, ಇದು ಬೆಂಕಿ' ಅಂದ. ನನಗ ಸರ್ ಅಂದ ವೈನಿ!"

"ಅದು ಅಣ್ಣ ನನಗ ಹೇಳಿದ ಮಾತು."

"ಹೌದ. ಅದಕ್ಕ ಅಂತೇನಿ, ಅಣ್ಣನ ಮಾತ ಇವತ್ತ ನಾಲ್ಕು ತಾಲೂಕಿನ ಬಾಯಾಗ ಐತಿ. ತಾಳಿಕೋಟಿಗಿ ಹೋದ್ನಿ, ಆಟೋದ ಹಿಂದ ಬರಿಸ್ಯಾರ. ನೀ ಸಂತೋಷ ಪಡಬೇಕು."

"ಅವನ ಬಾಯಾಗ ಹಾಕೀರಲ್ಲೋ ಅದನ್ನ! ನಿಮ್ಮ ಅಣ್ಣನ್ನ ಜೇಲಿಗಿ ಕಳಿಸಿದವನ ಬಾಯಾಗ!"

ಅವನು ಮೇಲಿಟ್ಟ ಕಾಲು ಕೆಳಗಿಳಿಸಿದ. ಆಮೇಲೆ, "ಹೀರೋ ಬಾಯಾಗ ಇದ್ರನ ಮಾತು ಓಡ್ತೈತಿ ವೈನಿ. ಡ್ರೈವರ್ ಬಾಯಾಗ ಇದ್ರ ಯಾರ ಕೇಳ್ತಾರ?" ಎಂದ. ಒಡಹುಟ್ಟಿದವನ ಬಾಯಿಂದ ಬಂದ ಮಾತು ಇದು.

"ನಾಳೆ ನನ್ನ ಸಿಂದಗಿಗಿ ಕರಕೊಂಡ ಹೋಗು. ಪೂರಾ ನೋಡ್ತೇನಿ," ಎಂದೆ. ಅವನಿಗೆ ನಾನು ಮೆತ್ತಗಾದೆನೆಂದು ತಿಳಿದು ಬಹಳ ಖುಷಿಯಾಯಿತು.

ಟಾಕೀಜಿನಲ್ಲಿ ಕೂತದ್ದು ಮದುವೆಯಾದ ಹೊಸದರಲ್ಲಿ ಒಮ್ಮೆ, ಆಮೇಲೆ ಅಂದೇ. ಹುಡುಗರು ಕಿಸೆಯಲ್ಲಿ ಲಿಂಬೆ ಇಟ್ಟುಕೊಂಡು ಬಂದಿದ್ದರು. ಆ ಮಾತು ಬಂದಾಗಲೆಲ್ಲ ಪರದೆಯ ಕಡೆ ಎಸೆದು ಸೀಟಿ ಹೊಡೆಯುತ್ತಿದ್ದರು. ಕಾಲಡಿಯಲ್ಲಿ ಲಿಂಬೆ ತುಳಿದು ಒಡೆದು ಹುಳಿ ವಾಸನೆ ಎದ್ದಿತ್ತು. ಗಾಲಿಯ ಕೆಳಗೂ ಲಿಂಬೆ ಇಡದವರ ಮಾತಿಗೆ ಇಷ್ಟು ಲಿಂಬೆ ತುಳಿಯುತ್ತಿದ್ದಾರಲ್ಲ ಎಂದು ಕಾಲು ಮೇಲೆತ್ತಿಕೊಂಡು ಕೂತೆ.

ಸಿನಿಮಾದಲ್ಲಿ ಆ ಮನುಷ್ಯ ಬಡವರ ಹೆಣ್ಣುಮಕ್ಕಳ ಮದುವೆ ಮಾಡಿಸುತ್ತಾನೆ. ಹೊಳೆಯಲ್ಲಿ ಮುಳುಗುವ ಕೂಸನ್ನು ಎತ್ತುತ್ತಾನೆ. ಪೊಟ್ಟಣ ಸಾಗಿಸುವಾಗ ಹಿಂದೆ ಕುಣಿತದ ಹಾಡು. ಆ ಪೊಟ್ಟಣ ಒಡೆದು ಮೂಗಿಗೆ ಏರಿಸಿದವರು ಏನಾದರು ಎಂಬುದು ಒಂದು ಕಡೆಯೂ ಇಲ್ಲ. ನನ್ನ ತವರಿನಲ್ಲಿ ಒಬ್ಬ ತಾಯಿ ಮಗನನ್ನು ತನ್ನದೇ ಸೀರೆಯಿಂದ ಮಂಚದ ಕಾಲಿಗೆ ಕಟ್ಟಿ ಹಾಕುತ್ತಿದ್ದಳು. ಅವನು ಹಲ್ಲಿನಿಂದ ಸೀರೆ ಹರಿಯುತ್ತಿದ್ದ. ಆಕೆಯ ಪಾತ್ರಕ್ಕೆ ಯಾರೂ ಸಿಗಲಿಲ್ಲವೇನೋ.

ಇನ್ನು ಡ್ರೈವರ್. ಅವನ ಕೊರಳಲ್ಲಿ ಕೆಂಪು ವಸ್ತ್ರ, ಕೈಯಲ್ಲಿ ಬಾಟಲಿ. ಎಲ್ಲ ಗೊತ್ತಿದ್ದೂ ನಗುನಗುತ್ತಾ ಪೊಟ್ಟಣ ಅಡಗಿಸುತ್ತಾನೆ, "ನಿನಗೋಸ್ಕರ ಪ್ರಾಣ ಕೊಡ್ತೀನಿ ದೊರೆ" ಅನ್ನುತ್ತಾನೆ, ಕೊನೆಗೆ ಗುಂಡಿಗೆ ಎದೆ ಕೊಟ್ಟು ಸಾಯುತ್ತಾನೆ. ಆ ಮನುಷ್ಯ ಹೆಣ ಹೊತ್ತು ತಂದು ಅವನ ಹೆಂಡತಿಯ ಮುಂದೆ ಇಡುತ್ತಾನೆ. ಲಿಂಬೆ ಬಣ್ಣದ ಸೀರೆ ಉಟ್ಟ ಆ ಹೆಂಡತಿ ಗಂಡನನ್ನು ಮುಟ್ಟುವುದಿಲ್ಲ. ಆ ಮನುಷ್ಯನ ಪಾದಕ್ಕೆ ಹಣೆ ಹಚ್ಚುತ್ತಾಳೆ.

ನನಗೆ ಗೊತ್ತಿಲ್ಲದೆ ದನಿ ಎದ್ದಿತು. "ನಾ ಅವನ ಕಾಲು ಮುಟ್ಟೇನೇನು? ಹೇಳೋ, ನಾ ಮುಟ್ಟೇನೇನು?" ಎಂದು ಮೈದುನನ ತೋಳು ಹಿಡಿದು ಅಲುಗಿಸಿದೆ.

ಹಿಂದಿನ ಸಾಲಿನ ಹುಡುಗ, "ಏ ಆಯಿ, ಸುಮ್ನ ಕೂಡ್ರಿ. ಕ್ಲೈಮ್ಯಾಕ್ಸ್ ಐತಿ," ಎಂದ. ಇನ್ನೊಬ್ಬ, "ಆಯಿಗೆ ಎಮೋಷನ್ ಆಗೇತ್ಲೇ," ಎಂದ. ಮೈದುನ ಕತ್ತಲೆಯಲ್ಲಿ ಬೇರೆ ಕಡೆ ನೋಡುತ್ತಿದ್ದ.

ವಾರ ಕಳೆಯುವುದರೊಳಗೆ ಆ ಮೊಬೈಲ್ ಕಡ್ಡಿಯ ಹುಡುಗ ಮೈದುನನ ಜೊತೆ ಮತ್ತೆ ಬಂದ. ಇಂಡಿಯಲ್ಲಿ ದೊಡ್ಡ ಸಮಾರಂಭವಂತೆ. ನಾಯಕನಟ ಬರುತ್ತಾನಂತೆ. ವೇದಿಕೆಯ ಮೇಲೆ ನನಗೆ ಶಾಲು ಹೊದಿಸಿ, ಕೈಯಲ್ಲಿ ಲಿಂಬೆ ಇಟ್ಟು ಅವನು ಆ ಮಾತು ಹೇಳುತ್ತಾನಂತೆ. "ಜನ ಹುಚ್ಚೇಳ್ತಾರೆ ಅಮ್ಮಾ," ಎಂದ.

ಗುಂಡ್ಯಾ, ನೀನು ಅಲ್ಲಿಯೇ ಕಂಬ ಹಿಡಿದು ನಿಂತಿದ್ದೆ, ನಿನಗೆ ನೆನಪಿರಬೇಕು. ನಾನು ಆ ದಿನ ಬಾಗಿಲು ದಾಟಿ ಹೊರಗೆ ಬಂದೆ. ಸೆರಗು ಸರಿ ಮಾಡಿಕೊಂಡು ಅವನ ಎದುರಿಗೇ ನಿಂತೆ.

"ನನ್ನ ಮನಿಯವರ ಮಾತು ತಿರುಗಿ ಕೊಡ್ರಿ," ಎಂದೆ.

ಅವನು ನಕ್ಕ. "ಅಮ್ಮಾ, ಮಾತನ್ನ ವಾಪಸ್ ಕೊಡೋದು ಹೇಗೆ?"

"ತಗೊಂಡ ಹೋಗೂಮುಂದ ಹೆಂಗ ತಗೊಂಡ ಹೋದ್ರಿ?"

"ಹಾಗಲ್ಲ, ನಮ್ಮ ಡೈರೆಕ್ಟರ್ ಆ ಸೀನ್ ಬರೀತಾ ಅತ್ತುಬಿಟ್ರು ಗೊತ್ತಾ? ನಿಮ್ಮ ಯಜಮಾನ್ರನ್ನ ನಾವು ಅಮರ ಮಾಡಿದೀವಿ."

"ನೀವು ಅವರನ್ನ ಗುಂಡು ಹೊಡದು ಕೊಂದೀರಿ. ಅವರು ಸತ್ತದ್ದು ನೀವು ನಿಂತೀರಲ್ಲ, ಈ ಪಡಸಾಲ್ಯಾಗ. ನಾ ಕುಡಿಸೂ ಗಂಜಿ ಅರ್ಧಾ ಬಟ್ಟಲದಾಗ ಉಳದಿತ್ತು. ಯಾವ ದೊರಿನೂ ಬರಲಿಲ್ಲ."

ಅವನು ಮೈದುನನ ಮುಖ ನೋಡಿದ. ಮೈದುನ, "ಹಳೇ ಮಂದಿ ಸರ್, ಹಿಂಗನ," ಎಂದ. ನಾನು ಒಳಗೆ ಹೋಗಿ ಕದ ಹಾಕಿಕೊಂಡೆ.

ಆದರೆ ಗುಂಡ್ಯಾ, ನೀನು ಸಮಾರಂಭಕ್ಕೆ ಹೋದೆ. ನಾನು ಬೇಡ ಅಂದೆ, ನೀನು ಅಳುತ್ತಾ, "ನೀ ಬರಬ್ಯಾಡ ಅಂದ್ರ ಬಿಡು, ನನ್ನ ಯಾಕ ತಡೀತಿ? ನಿನಗ ನಮ್ಮ ಮುತ್ಯಾ ದೊಡ್ಡವ ಆಗೂದ ಬ್ಯಾಡೇನು?" ಎಂದೆ. ಸಣ್ಣ ಮುತ್ಯಾನ ಬೈಕಿನ ಹಿಂದೆ ಕೂತು ನೀನು ಹೋದೆ. ವೇದಿಕೆಗೆ ನಿನ್ನನ್ನು "ಡ್ರೈವರನ ಮೊಮ್ಮಗ" ಎಂದು ಕರೆದರಂತೆ. ಆ ನಟ ನಿನ್ನ ತಲೆ ಸವರಿ, ಕೈಯಲ್ಲಿ ಲಿಂಬೆ ಇಟ್ಟು, "ಇದು ಒಣಗೂದರೊಳಗ ಬರ್ತೇನಿ, ನಿಮ್ಮ ಮನೆಗೇ ಬರ್ತೇನಿ," ಎಂದನಂತೆ. ನೀನು ಆ ಲಿಂಬೆಯನ್ನು ಎರಡೂ ಕೈಯಲ್ಲಿ ಪ್ರಸಾದ ತಂದ ಹಾಗೆ ತಂದೆ. ನನ್ನನ್ನು ಕೇಳದೆ ದೇವರ ಮಾಡದಲ್ಲಿ ಇಟ್ಟೆ. ಅದೇ ಮಾಡ. ನಾನು ಅದನ್ನು ತೆಗೆದು ಒಗೆಯಬಹುದಾಗಿತ್ತು. ಕೈ ಅಲ್ಲಿಯ ತನಕ ಹೋಗಿತ್ತು ಕೂಡ. ಇರಲಿ, ಒಣಗಲಿ ಎಂದು ಬಿಟ್ಟೆ. ಸಿಟ್ಟಿನಿಂದಲೇ ಬಿಟ್ಟೆ.

ಬೇಸಿಗೆಯ ಗಾಳಿಗೆ ಲಿಂಬೆ ಎಷ್ಟು ದಿನ ತಡೆದೀತು? ಹಳದಿಯಾಯಿತು. ಬಿಗಿಯಿತು. ನೀನು ದಿನಾ ಎದ್ದ ಕೂಡಲೇ ಸ್ಟೂಲು ಹತ್ತಿ ಒತ್ತಿ ನೋಡುತ್ತಿದ್ದೆ. ರಸ್ತೆಯಲ್ಲಿ ಕಾರಿನ ಸಪ್ಪಳವಾದರೆ ಊಟದ ತಾಟು ಬಿಟ್ಟು ಏಳುತ್ತಿದ್ದೆ. ಚಿಮಣಿ, ನೀನಂತೂ, "ಏ, ನಿನ್ನ ದೊರಿ ಬಂದಾ, ಹಾಲಿನ ಗಾಡ್ಯಾಗ ಬಂದಾ!" ಎಂದು ಅಣ್ಣನನ್ನು ಗೋಳಾಡಿಸಿದೆ. ಲಿಂಬೆ ಕಂದಾಯಿತು, ಕಲ್ಲಿನ ಹಾಗೆ ಗಟ್ಟಿಯಾಯಿತು.

ನೀವು ಹೊರಡುವ ಮುನ್ನಾದಿನ ಗುಂಡ್ಯಾ ಆ ಒಣಗಿದ ಲಿಂಬೆಯನ್ನು ತಂದು ನಾನು ಜೋಳ ಹಸನು ಮಾಡುತ್ತಿದ್ದಲ್ಲಿ ಕೂತ.

"ಆಯಿ, ಅಂವಾ ಬರಲಿಲ್ಲ."

"ಅಂವಾ ಯಾಕ ಬರ್ತಾನ? ಅದು ಅಂವನ ಮಾತಲ್ಲ."

ಲಿಂಬೆಯನ್ನು ಕೈಯಲ್ಲಿ ಹೊರಳಿಸಿದ. ಆಮೇಲೆ ಕೇಳಿದ: "ಮುತ್ಯಾ ಬಂದಿದ್ನೇನು? ಒಣಗೂದರೊಳಗ?"

ನಾನು ಜೋಳದ ಮೊರ ಕೆಳಗಿಟ್ಟು ಎದ್ದೆ. ಅಡುಗೆಮನೆಯ ನೆಲುವಿನ ಹಿಂದೆ ಬಟ್ಟೆ ಕಟ್ಟಿದ ಸಣ್ಣ ಭರಣಿ ಇದೆಯಲ್ಲ, ಅದನ್ನು ಇಳಿಸಿದೆ. ಹೊಟ್ಟೆ ನೋವಾದಾಗ, ವಾಂತಿಯಾದಾಗ ನಿಮ್ಮ ನಾಲಗೆಗೆ ಕರ್ರಗಿನ ಉಪ್ಪುಲಿಂಬೆಯ ಚೂರು ಹಚ್ಚುತ್ತೇನಲ್ಲ, ಆ ಭರಣಿ.

ಅತ್ತೆ ಒಗೆದು ಬಾ ಅಂದ ದಿನ, ಬೆಳಗಿನಲ್ಲಿ, ಮಾಡದ ಲಿಂಬೆಯನ್ನು ಒತ್ತಿ ನೋಡಿದ್ದೆ. ಒಳಗೆ ಇನ್ನೂ ರಸವಿತ್ತು. ಬುಡ ಬಿಡದ ಹಾಗೆ ನಾಲ್ಕು ಸೀಳು ಮಾಡಿ, ತುಂಬಾ ಉಪ್ಪು ತುಂಬಿ, ಈ ಭರಣಿಯಲ್ಲಿ ಹಾಕಿ ಬಾಯಿ ಕಟ್ಟಿದೆ. ಉಪ್ಪಿನಲ್ಲಿ ಇಟ್ಟ ಲಿಂಬೆ ಕಪ್ಪಾಗುತ್ತದೆ, ಮೆತ್ತಗಾಗುತ್ತದೆ, ಒಣಗುವುದಿಲ್ಲ. ಅವರು ಒಣಗುವುದರೊಳಗೆ ಬರುತ್ತೇನೆ ಅಂದಿದ್ದರು. ಒಣಗದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ ಎಂದುಕೊಂಡೆ. ಜೇಲಿನಿಂದ ಬಂದ ಮಧ್ಯಾಹ್ನ ಅವರ ತಾಟಿನಲ್ಲಿ ರೊಟ್ಟಿಯ ಪಕ್ಕ ಅದರ ಒಂದು ಹೋಳು ಇಟ್ಟೆ.

"ಏನಿದು?" ಎಂದರು.

"ನೀವು ಕೊಟ್ಟ ಲಿಂಬಿ. ಒಣಗಿಲ್ಲ ನೋಡ್ರಿ."

ಅವರು ತಾಟಿನ ಮುಂದೆ ತಲೆ ಬಗ್ಗಿಸಿ ಕೂತರು. ಆಮೇಲೆ ಉಂಡರು. ಚೂರೂ ಬಿಡದೆ, ಉಪ್ಪಿನ ಕೈ ನೆಕ್ಕಿ ಉಂಡರು. ಈ ಸಂಗತಿ ನಿಮ್ಮ ಸಣ್ಣ ಮುತ್ಯಾನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿದ್ದರೆ ಅದೂ ಈಗ ಪರದೆಯ ಮೇಲೆ ಇರುತ್ತಿತ್ತು.

ಉಳಿದ ಹೋಳುಗಳ ಮೇಲೆ ಪ್ರತಿ ವರ್ಷ ಹೊಸ ಲಿಂಬೆ ಸೇರಿಸುತ್ತಾ ಬಂದಿದ್ದೇನೆ. ಯಾವುದು ಹಳೆಯದು, ಯಾವುದು ಹೊಸದು ಎಂದು ನನಗೂ ಈಗ ಹೇಳಲು ಬರುವುದಿಲ್ಲ. ಆದರೆ ಒಳಗಿನ ಉಪ್ಪುನೀರು ಅದೇ.

"ಬಂದಿದ್ರು," ಎಂದು ಗುಂಡ್ಯಾನಿಗೆ ಹೇಳಿದೆ. "ಒಣಗಿರಲಿಲ್ಲ."

ಅವನು ಭರಣಿಯೊಳಗೆ ಇಣುಕಿ ನೋಡಿದ. ತನ್ನ ಕೈಯ ಗಟ್ಟಿ ಲಿಂಬೆಯನ್ನು ಇದರಲ್ಲಿ ಹಾಕಬಹುದೇ ಎಂದು ಕೇಳಿದ. ಬೇಡ ಅಂದೆ. ಆ ನಟನ ಲಿಂಬೆಗೆ ಈ ಭರಣಿಯಲ್ಲಿ ಜಾಗ ಇಲ್ಲ. ಅವನು ಹಿತ್ತಲಿಗೆ ಹೋಗಿ ಅದನ್ನು ಬೇಲಿಯಾಚೆ ಎಸೆದ.

ಸಾಲೆ ಶುರುವಾದ ಮೇಲೆ ಅವನು ಮುಂದಿನ ಬೆಂಚು ಬಿಟ್ಟನೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಅವ್ವನನ್ನೂ ಕೇಳಿಲ್ಲ.

ಈ ಹಾಳೆಗಳನ್ನು ನಿಮಗೆ ಕಳಿಸುತ್ತಿದ್ದೇನೆ. ಭರಣಿಯೂ ಒಂದು ದಿನ ನಿಮ್ಮ ಮನೆಗೆ ಬರುತ್ತದೆ. ಎರಡನ್ನೂ ಒಂದೇ ಕಡೆ ಇಡಬೇಡಿರಿ, ಉಪ್ಪು ನೀರು ಬಿಟ್ಟು ಕಾಗದ ಹಾಳಾಗುತ್ತದೆ. ಹಾಳೆಗಳನ್ನು ಟ್ರಂಕಿನ ತಳದಲ್ಲಿ, ಬೇವಿನ ಎಲೆ ಹಾಕಿ, ಬಟ್ಟೆಗಳ ಕೆಳಗೆ ಇಡಿರಿ. ಕಡ್ಡಿಯ ಮೇಲೆ ಮೊಬೈಲ್ ಹಿಡಿದವರು ಮತ್ತೆ ಬಂದೇ ಬರುತ್ತಾರೆ. ಸಣ್ಣ ಮುತ್ಯಾನೇ ಕರೆತಂದರೂ, ಚಹಾ ಕೊಟ್ಟು ಕಳಿಸಿರಿ, ಹಾಳೆ ತೋರಿಸಬೇಡಿರಿ. ನೀವಿಬ್ಬರೂ ಓದಿರಿ, ಮುಂದೆ ನಿಮ್ಮ ಮಕ್ಕಳಿಗೆ ಓದಿ ಹೇಳಿರಿ, ಮತ್ತೆ ಮಡಚಿ ಅಲ್ಲಿಯೇ ಇಡಿರಿ.